ಅಜ್ಜಿಗೆ ನೂರಕ್ಕೆ 35

ಬೆಂಗಳೂರಿನಲ್ಲಿ ಈಗ ಮನುಷ್ಯನಿಗೆ ಭಾರಿ ಡಿಮ್ಯಾಂಡು. ಫುಟ್‌ಪಾತಿನ ಮೇಲಲ್ಲ, ಅಲ್ಲಿ ಅವನಿಗಿನ್ನೂ ಜಾಗ ಸಿಕ್ಕಿಲ್ಲ. ವಿಶ್ವವಿದ್ಯಾಲಯಗಳ ಸ್ಲೈಡುಗಳಲ್ಲಿ. ‘ಸಮಾಜಕ್ಕಾಗಿ ಮಾನವ ಕೇಂದ್ರಿತ ಡಿಜಿಟಲ್ ತಂತ್ರಜ್ಞಾನ’ ಅಂತ ಬ್ಯಾನರ್ ಕಟ್ಟಿದ ಕಡೆಯೆಲ್ಲ ಅದೇ ಸ್ಲೈಡು. ನಡುವೆ ಒಂದು ವೃತ್ತ, ವೃತ್ತದೊಳಗೆ ಒಬ್ಬ ಮನುಷ್ಯ. ಸುತ್ತ ಸರ್ಕಾರ, ಕಂಪನಿ, ಡೇಟಾ, ಎಐ. ಎಲ್ಲದರ ಬಾಣವೂ ಅವನ ಕಡೆಗೇ. ಶರಶಯ್ಯೆಗೆ ಐದು ನಿಮಿಷ ಮುಂಚಿನ ಭೀಷ್ಮನ ಹಾಗೆ ನಿಂತಿರುತ್ತಾನೆ, ಪಾಪ.

ವಿಚಾರವೇನೂ ಹೊಸದಲ್ಲ. 1970ರ ದಶಕದ ಶುರುವಿನಲ್ಲೇ ನಾರ್ವೆಯ ಲೋಹ ಕಾರ್ಮಿಕರ ಸಂಘದವರು ಸಂಶೋಧಕರ ಜೊತೆ ಕೂತಿದ್ದರು. ಕಾರ್ಖಾನೆಗೆ ಬರೋ ಕಂಪ್ಯೂಟರ್ ವಿಷಯದಲ್ಲಿ ನಮ್ಮ ಮಾತೂ ನಡೀಬೇಕು ಅಂದಿದ್ದರು. 1999ರಲ್ಲಿ ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ ಐಎಸ್‌ಒ ಇದಕ್ಕೊಂದು ಮಾನದಂಡವನ್ನೇ ಬರೆಯಿತು: ಬಳಸುವವರನ್ನೂ ಸೇರಿಸಿಕೊಳ್ಳಿ ಅಂತ. ನಾವೂ ಸೇರಿಸಿಕೊಳ್ಳುತ್ತೇವೆ. ಗ್ರೂಪ್ ಫೋಟೋದಲ್ಲಿ.

ಒಂದು ವಿಶ್ವವಿದ್ಯಾಲಯ ಅಂತಿಟ್ಟುಕೊಳ್ಳಿ. ಹೆಸರು ಬೇಡ, ಸುಮ್ನೆ ನಾಲ್ಕೈದು ಕಡೆಯವರು ನಮ್ಮದೇ ಅಂದುಕೊಂಡಾರು. ಅಲ್ಲೊಂದು ಆ್ಯಪ್ ತಯಾರಾಗಿದೆ. ಪೆನ್ಷನ್ ತಗೊಳ್ಳೋರು ವರ್ಷಕ್ಕೊಮ್ಮೆ, ನವೆಂಬರ್‌ನಲ್ಲಿ, ‘ನಾನು ಬದುಕಿದ್ದೇನೆ’ ಅಂತ ಪ್ರಮಾಣಪತ್ರ ಕೊಡಬೇಕಲ್ವಾ? 2014ರಲ್ಲಿ ಕೇಂದ್ರ ಸರ್ಕಾರ ಜೀವನ್ ಪ್ರಮಾಣ್ ತಂದಾಗ ಬೆರಳಚ್ಚು ಕೊಟ್ಟು ಇದನ್ನು ಮುಗಿಸಬಹುದು ಅಂತಾಯಿತು. ಆದರೆ ಎಷ್ಟೋ ಹಿರಿಯರ ಬೆರಳ ಗೆರೆಗಳು ಸವೆದೇ ಹೋಗಿರುತ್ತವೆ. 2021ರಲ್ಲಿ ಮುಖ ತೋರಿಸಿದರೂ ಸಾಕು ಅಂತಾಯಿತು. ಮುಖ ತೋರಿಸೋದನ್ನ ಹಿರಿಯರಿಗೆ ಕಲಿಸೋ ಆ್ಯಪ್ ನಮ್ಮವರದು.

ಎಷ್ಟು ಜನರ ಮೇಲೆ ಪರೀಕ್ಷೆ ಮಾಡಬೇಕು? ಯಾಕೋಬ್ ನೀಲ್ಸನ್ ಅನ್ನೋ ತಜ್ಞರು 2000ದಲ್ಲಿ ಐದು ಜನ ಸಾಕು, ಸುಮಾರು ನೂರಕ್ಕೆ 85ರಷ್ಟು ತೊಡಕು ಗೊತ್ತಾಗುತ್ತವೆ ಅಂತ ಬರೆದರು. ತೊಡಕು ಸರಿಪಡಿಸಿ ಮತ್ತೆ ಐದು ಜನರನ್ನು ಕರೆಯಿರಿ ಅಂತಲೂ ಬರೆದರು. ಆ ಎರಡನೇ ಮಾತು ನಮ್ಮ ಲ್ಯಾಬಿಗೆ ತಲುಪಲಿಲ್ಲ. ಐದು ಜನ ಪಕ್ಕದ ಕ್ಯಾಬಿನ್ನಿನಲ್ಲೇ ಸಿಕ್ಕರು. ಎಲ್ಲರೂ ಎಂಟೆಕ್. ಪೇಪರ್ ಕಳಿಸಿದಾಗ ವಿಮರ್ಶಕರು ಒಂದೇ ಪ್ರಶ್ನೆ ಕೇಳಿದರು: ನಿಮ್ಮ ಹಿರಿಯ ನಾಗರಿಕರ ಸರಾಸರಿ ವಯಸ್ಸು 24 ಯಾಕೆ?

ಆಗ ಬಂತು ನೋಡಿ, ಶ್ರೀರಾಮಪುರದ ಅಜ್ಜಿಯ ನೆನಪು.

ಮೊದಲು ಒಪ್ಪಿಗೆ ಪತ್ರ. ನಾಲ್ಕು ಪುಟ, ಪೂರ್ತಿ ಇಂಗ್ಲಿಷ್. ಇಂಕ್ ಪ್ಯಾಡ್ ತಂದು ಹೆಬ್ಬೆಟ್ಟು ಒತ್ತಿಸಿಕೊಂಡರು. ಸ್ಕ್ಯಾನರ್ ಎಷ್ಟು ಒರೆಸಿಟ್ಟರೂ ಒಪ್ಪದ ಹೆಬ್ಬೆಟ್ಟನ್ನು ಎಥಿಕ್ಸ್ ಕಮಿಟಿ ಒಂದೇ ಏಟಿಗೆ ಒಪ್ಪಿತು. ಆಮೇಲೆ ಆ್ಯಪ್. ಕಣ್ಣು ಮಿಟುಕಿಸಿ ಅಂದಿತು. ಅಜ್ಜಿ ಮಿಟುಕಿಸಿದರು. ಪೊರೆ ಆಪರೇಷನ್ ಆದ ಕಣ್ಣು, ಒಂದೆರಡು ಸಲ ಜಾಸ್ತಿಯೇ ಮಿಟುಕಿತು. ಪರದೆ ಮೇಲೆ ಕೆಂಪಕ್ಷರ: ‘ಲೈವ್‌ನೆಸ್ ಫೇಲ್ಡ್’. ಅಂದರೆ, ಎದುರಿಗಿರೋದು ಜೀವಂತ ಮುಖ ಅಂತ ಆ್ಯಪಿಗೆ ಖಾತ್ರಿಯಾಗಲಿಲ್ಲ.

“ಏನಂತಪ್ಪಾ ಅದು?”

“ಏನಿಲ್ಲ ಅಜ್ಜಿ, ಬೆಳಕು ಸ್ವಲ್ಪ ಕಮ್ಮಿ.”

ಇನ್ನು ಪ್ರಶ್ನಾವಳಿ, ಬಳಸೋಕೆ ಎಷ್ಟು ಸುಲಭ ಅಂತ ಅಳೆಯೋದು. 1986ರಲ್ಲಿ ಇಂಗ್ಲೆಂಡಿನ ಜಾನ್ ಬ್ರೂಕ್ ಮಾಡಿದ್ದು. ಹತ್ತು ವಾಕ್ಯ, ಪ್ರತಿಯೊಂದಕ್ಕೂ ಒಂದರಿಂದ ಐದರೊಳಗೆ ಉತ್ತರ. ಒಂದು ಅಂದರೆ ಸುತರಾಂ ಒಪ್ಪಲ್ಲ, ಐದು ಅಂದರೆ ಪೂರ್ತಿ ಒಪ್ಪಿಗೆ. ಪಿಎಚ್‌ಡಿ ಹುಡುಗ ಮೊದಲನೆಯದನ್ನು ಓದಿದ.

“ಈ ವ್ಯವಸ್ಥೆಯನ್ನು ಆಗಾಗ ಬಳಸಲು ಇಷ್ಟಪಡುತ್ತೇನೆ. ಎಷ್ಟು ಹಾಕ್ಲಿ ಅಜ್ಜಿ?”

“ಬದುಕಿದೀನಿ ಬದುಕಿದೀನಿ ಅಂತ ಆಗಾಗ ಹೇಳ್ಕೊಂಡು ತಿರುಗೋಕೆ ಯಾರಿಗಪ್ಪಾ ಇಷ್ಟ?”

ಹುಡುಗ 1 ಹಾಕಿದ. ನಾಲ್ಕನೆಯದು: ಇದನ್ನು ಬಳಸಲು ನನಗೆ ತಿಳಿದವರ ಸಹಾಯ ಬೇಕಾಗುತ್ತದೆ.

“ಪೋಸ್ಟ್‌ಮ್ಯಾನ್ ಬರ್ತಾನಲ್ಲ. ಎಪ್ಪತ್ತು ರೂಪಾಯಿ ಕೊಟ್ರೆ ಬೆಳಕಲ್ಲಿ ಕೂರ್ಸಿ, ಕನ್ನಡಕ ತೆಗ್ಸಿ, ಅವನೇ ಮಾಡ್ಕೊಡ್ತಾನೆ. ನೀನೂ ಕಾಫಿ ಕುಡೀತೀಯಾ?”

ಅಜ್ಜಿ ಹೇಳಿದ್ದು ಸರಿ. 2020ರಿಂದ ಅಂಚೆಯವರು ಮನೆಬಾಗಿಲಿಗೇ ಬಂದು ಈ ಕೆಲಸ ಮಾಡಿಕೊಡುತ್ತಾರೆ. ಇಡೀ ಸಂಶೋಧನೆಯ ಉತ್ತರ ಕಾಫಿ ಲೋಟದ ಜೊತೆ ಎದುರಿಗೆ ಬಂತು. ಆದರೆ ಪ್ರಶ್ನಾವಳಿಯಲ್ಲಿ ಕಾಫಿಗೆ ಕಾಲಂ ಇಲ್ಲ. ಹುಡುಗ 5 ಹಾಕಿದ. ಸರಿಸಂಖ್ಯೆಯವೆಲ್ಲ ದೂರಿನ ವಾಕ್ಯಗಳು, ಅವುಗಳಲ್ಲಿ ಉತ್ತರವನ್ನು ಐದರಿಂದ ಕಳೆಯಬೇಕು. ಪೋಸ್ಟ್‌ಮ್ಯಾನ್ ಸೊನ್ನೆ ಆದ. ಕೊನೆಗೆ ಎಲ್ಲ ಕೂಡಿ 2.5ರಿಂದ ಗುಣಿಸಿದಾಗ ಬಂದದ್ದು 35. ಸಾಮಾನ್ಯವಾಗಿ 68 ಅನ್ನು ಸರಾಸರಿ ಅನ್ನುತ್ತಾರೆ. ನಮ್ಮ ಕಾಲದ ಎಸ್ಸೆಸ್ಸೆಲ್ಸಿ ಆಗಿದ್ದರೆ 35ಕ್ಕೆ ಪಾಸು.

ಈ ಅಂಕ ಆ್ಯಪಿನದು. ಪೇಪರಿನಲ್ಲಿ ಫೇಲಾದದ್ದು ಮಾತ್ರ ಅಜ್ಜಿ. ‘ಹಿರಿಯರಲ್ಲಿ ಡಿಜಿಟಲ್ ಸಾಕ್ಷರತೆಯ ಕೊರತೆ ಕಂಡುಬಂದಿದೆ.’ ಗ್ರಾಂಟ್ ಮುಗಿಯಿತು, ಸರ್ವರ್ ಆಫ್ ಆಯಿತು, ಹುಡುಗ ಫಾರಿನ್ನಿಗೆ ಹೋದ. ಆ್ಯಪ್ ಬದುಕಿದೆಯಾ ಅಂತ ಯಾವ ನವೆಂಬರ್‌ನಲ್ಲೂ ಯಾರೂ ಕೇಳುವುದಿಲ್ಲ.

ಸಮಾರೋಪಕ್ಕೆ ಅಜ್ಜಿಯನ್ನು ಕರೆಸಿ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಜೊತೆಗೊಂದು ಪ್ರಮಾಣಪತ್ರ. ಅವರು ಖುದ್ದಾಗಿ ಬಂದು ಭಾಗವಹಿಸಿದ್ದಾರೆ ಅಂತ ಅದರಲ್ಲಿ ಬರೆದಿತ್ತು. ಅಜ್ಜಿಯ ಫೋಟೋ, ಅವತ್ತಿನ ತಾರೀಖು, ಕುಲಸಚಿವರ ಸಹಿ, ದುಂಡನೆಯ ಸೀಲು. ಅಜ್ಜಿ ತಿರುಗಿಸಿ ಮುರುಗಿಸಿ ನೋಡಿದರು.

“ಇದನ್ನೇ ಬ್ಯಾಂಕಿಗೆ ಕೊಟ್ರೆ ಈ ಸಲ ಎಪ್ಪತ್ತು ರೂಪಾಯಿ ಉಳಿಯುತ್ತಾ ಸಾರ್?”

“ಅದಕ್ಕೆ ಇಂಟಿಗ್ರೇಷನ್ ಆಗ್ಬೇಕಮ್ಮಾ,” ಅಂದರು ಪ್ರೊಫೆಸರ್. “ಎರಡನೇ ಹಂತದ ಪ್ರಪೋಸಲ್‌ನಲ್ಲಿ ಹಾಕಿದೀವಿ.”