ಆರು ಸಿಟ್ಟಿಂಗ್‌ಗಳ ಶಾಶ್ವತ

ಆತ್ಮವೊಂದನ್ನು ಬಿಟ್ಟು ಮತ್ತಾವುದಕ್ಕೂ ಸಲ್ಲದೆಂದು ಹಿರಿಯರು ಜೋಪಾನವಾಗಿಟ್ಟಿದ್ದ ‘ಶಾಶ್ವತ’ ಎಂಬ ವಿಶೇಷಣವು ಈಚೆಗೆ ಬೆಂಗಳೂರಿನ ಬಡಾವಣೆಗಳಲ್ಲಿ ಕಂಕುಳಿಗೂ ಮೇಲ್ದುಟಿಗೂ ಸಲ್ಲುತ್ತಿದೆ. ಲೇಸರಿನಿಂದ ಕೂದಲು ತೆಗೆಯುವ ಕ್ಲಿನಿಕ್ಕುಗಳ ‘ಬೇಡದ ಕೂದಲಿಗೆ ಶಾಶ್ವತ ವಿದಾಯ’ ಎಂಬ ಫಲಕದ ಕೆಳಗೆ ಆರು ಸಿಟ್ಟಿಂಗ್‌ಗಳ ಪ್ಯಾಕೇಜು, ಕಂತಿನಲ್ಲಿ ಪಾವತಿ, ಹಬ್ಬದ ರಿಯಾಯಿತಿ ಎಲ್ಲವೂ ದಪ್ಪಕ್ಷರದಲ್ಲಿರುತ್ತವೆ. ‘ಫಲಿತಾಂಶ ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗಬಹುದು’ ಎಂಬ ಸತ್ಯ ಮಾತ್ರ ಸಾಸಿವೆ ಗಾತ್ರದಲ್ಲಿ ಮೂಲೆ ಸೇರಿರುತ್ತದೆ.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಲೇಸರ್ ಯಂತ್ರಗಳ ತಯಾರಕರಿಗೆ ‘ಶಾಶ್ವತ ನಿವಾರಣೆ’ ಎಂದು ಹೇಳಿಕೊಳ್ಳಲು ಬಿಟ್ಟಿಲ್ಲ. ‘ಶಾಶ್ವತ ಇಳಿಕೆ’ ಎಂಬುದಷ್ಟೇ ಅದು ಒಪ್ಪಿದ ಮಾತು, ಅಂದರೆ ಹಲವು ಸಿಟ್ಟಿಂಗ್‌ಗಳ ಬಳಿಕ ಮರಳಿ ಬೆಳೆಯುವ ಕೂದಲುಗಳ ಸಂಖ್ಯೆ ದೀರ್ಘಕಾಲ ಕಡಿಮೆಯಾಗಿಯೇ ಉಳಿಯುವುದು. ನಿವಾರಣೆಗೂ ಇಳಿಕೆಗೂ ನಡುವೆ ಇರುವುದು ಕೂದಲೆಳೆಯ ಅಂತರ ನಿಜ, ಆದರೆ ಗಿರಾಕಿಯ ಗಲ್ಲದ ಮೇಲೆ ಮತ್ತೆ ಚಿಗುರುವುದು ಆ ಎಳೆಯೇ.

ಯಂತ್ರದ ತಪ್ಪೇನೂ ಇಲ್ಲ. ಲೇಸರ್ ಕಿರಣವು ಕೂದಲಿನ ಕಪ್ಪು ವರ್ಣದ್ರವ್ಯವನ್ನು ಹುಡುಕಿಕೊಂಡು ಹೋಗಿ, ಅಲ್ಲಿ ಶಾಖವಾಗಿ, ಬುಡವನ್ನು ಸುಡುತ್ತದೆ. ಬೆಳೆಯುವ ಹಂತದಲ್ಲಿರುವ ಕೂದಲು ಮಾತ್ರ ಹೀಗೆ ಸರಿಯಾಗಿ ಸಿಕ್ಕಿಬೀಳುತ್ತದೆ. ವಿಶ್ರಾಂತಿಯಲ್ಲಿರುವುದು ತಪ್ಪಿಸಿಕೊಂಡು ನಿಧಾನವಾಗಿ ಎದ್ದು ಬರುವುದರಿಂದಲೇ ನಾಲ್ಕರಿಂದ ಆರು ವಾರಗಳಿಗೊಮ್ಮೆ ಹಾಜರಿ ಹಾಕಬೇಕಾಗುತ್ತದೆ. ಬಿಳಿಗೂದಲಿನ ಮುಂದೆ ಇಷ್ಟು ದುಬಾರಿ ಯಂತ್ರವೂ ಕುರುಡು. ನಮ್ಮಂಥ ಕಂದು ಚರ್ಮದವರಲ್ಲಿ ವರ್ಣದ್ರವ್ಯ ಚರ್ಮದಲ್ಲಿಯೂ ಧಾರಾಳವಾಗಿರುವುದರಿಂದ ಕಿರಣವು ಕಳ್ಳನನ್ನು ಬಿಟ್ಟು ಮನೆಯನ್ನೇ ಸುಡುವ ಅಪಾಯವಿದೆ. ಅದಕ್ಕಾಗಿ 755 ನ್ಯಾನೊಮೀಟರ್ ತರಂಗಾಂತರದ ಅಲೆಕ್ಸಾಂಡ್ರೈಟ್ ಲೇಸರಿಗಿಂತ 1064ರ ಎನ್‌ಡಿ-ಯಾಗ್ ಲೇಸರ್ ಕ್ಷೇಮವೆನ್ನುತ್ತಾರೆ. ಕೌಂಟರಿನಲ್ಲಿ ತರಂಗಾಂತರ ಎಷ್ಟೆಂದು ಕೇಳಿ ನೋಡಿ: ‘ಇದು ಲೇಟೆಸ್ಟ್ ಮೆಷೀನು, ಮೇಡಂ’ ಎಂಬ ವೈಜ್ಞಾನಿಕ ಉತ್ತರ ದೊರೆಯುತ್ತದೆ.

ಪಿಸಿಒಎಸ್‌ನಂಥ ಹಾರ್ಮೋನಿನ ತೊಂದರೆಯಿದ್ದವರಲ್ಲಿ ಹೊಸ ಕೂದಲು ಹುಟ್ಟುತ್ತಲೇ ಇರುತ್ತದೆ. ಕೆಲವರಲ್ಲಿ, ವಿಶೇಷವಾಗಿ ಮುಖ ಮತ್ತು ಕುತ್ತಿಗೆಯಲ್ಲಿ, ಲೇಸರಿನಿಂದಲೇ ಕೂದಲು ಮೊದಲಿಗಿಂತ ಹುಲುಸಾಗುವುದೂ ಉಂಟು. ಆಗ ಪ್ಯಾಕೇಜಿಗೆ ‘ಮೇಂಟೆನೆನ್ಸ್’ ಎಂಬ ಬಾಲ ಬೆಳೆಯುತ್ತದೆ. ಶಾಶ್ವತಕ್ಕೆ ವಾರ್ಷಿಕ ನಿರ್ವಹಣೆ! ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂಬ ಗಾದೆಗೆ ಇದಕ್ಕಿಂತ ನೇರವಾದ ಪ್ರಸಂಗ ಸಿಗಲಾರದು. ಇಲ್ಲಿ ಹಣ ಕೊಟ್ಟವಳ ಮೀಸೆಯೂ ಇದ್ದಲ್ಲೇ ಇದೆ.

ನಿಜವಾಗಿ ‘ನಿವಾರಣೆ’ ಎಂಬ ಮಾತಿಗೆ ಅರ್ಹವಾದದ್ದು 1875ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ಕಣ್ಣಿನ ವೈದ್ಯರೊಬ್ಬರು ಒಳಮುಖವಾಗಿ ಬೆಳೆದ ರೆಪ್ಪೆಗೂದಲಿಗೆಂದು ಕಂಡುಕೊಂಡ ಎಲೆಕ್ಟ್ರಾಲಿಸಿಸ್. ಅದರಲ್ಲಿ ಒಂದೊಂದೇ ಬುಡಕ್ಕೆ ಸೂಜಿಯಿಳಿಸಿ ವಿದ್ಯುತ್ ಹಾಯಿಸಬೇಕು. ಅಷ್ಟು ವ್ಯವಧಾನದ ಕಸುಬಿಗೆ ಹಬ್ಬದ ರಿಯಾಯಿತಿ ಒಗ್ಗುವುದಿಲ್ಲವೇನೋ, ಫಲಕಗಳಲ್ಲಿ ಅದು ಕಾಣುವುದೇ ಅಪರೂಪ.

ಒಂದು ಪೈಸೆಯ ಖರ್ಚಿಲ್ಲದೆ, ಯಾವ ಯಂತ್ರದ ಹಂಗೂ ಇಲ್ಲದೆ ಶಾಶ್ವತವಾಗಿ ಹೊರಟುಹೋಗುವ ಕೂದಲೆಂದರೆ ಗಂಡಸರ ನೆತ್ತಿಯದು. ಅದನ್ನು ಮರಳಿ ನೆಡುವ ವಿಭಾಗ ಅದೇ ಕಟ್ಟಡದ ಎರಡನೆಯ ಮಹಡಿಯಲ್ಲಿರುತ್ತದೆ. ಹೋದ ಕೂದಲು ಏಕೆ ಬಂತೆಂದು ಮೊದಲ ಮಹಡಿಯಲ್ಲಿ ಹೆಂಡತಿಯೂ, ನೆಟ್ಟ ಕೂದಲು ಏಕೆ ಬರಲಿಲ್ಲವೆಂದು ಮೇಲೆ ಗಂಡನೂ ವಿಚಾರಿಸಿದರೆ, ಇಬ್ಬರಿಗೂ ಸಿಗುವ ಉತ್ತರ ಒಂದೇ: ‘ಇನ್ನೆರಡು ಸಿಟ್ಟಿಂಗ್ ಆಗಲಿ, ನೋಡೋಣ.’