ಪಾಸ್‌ಪೋರ್ಟಿನ ಆ ಒಂದು ಹಾಳೆ

ಬೇಸ್‌ಬಾಲ್ ಆಟಗಾರ, ಕ್ಯೂಬಾದ ಹೋಸೆ ಅಬ್ರೇಯು ಹೆಸರು ಬಂದಾಗಲೆಲ್ಲ ಜನ ಮೊದಲು ಎತ್ತುವುದು ದುಡ್ಡಿನ ಮಾತು. ಅಮೆರಿಕದ ತಂಡವೊಂದರಿಂದ ಆರು ವರ್ಷಕ್ಕೆ 6.8 ಕೋಟಿ ಡಾಲರ್, ಎಂಥಾ ಅದೃಷ್ಟ ಅಂತ. ನನಗೆ ಮಾತ್ರ ಒಂದು ಕಾಗದದ ಹಾಳೆ ಕಣ್ಮುಂದೆ ಬರುತ್ತದೆ.

2013ರ ಅಕ್ಟೋಬರ್. ಹೈಟಿಯಿಂದ ಮಯಾಮಿಗೆ ಹೊರಟ ವಿಮಾನ. ಆರಡಿಗೂ ಮೀರಿದ ಆ ದೈತ್ಯದೇಹಿಯ ಕೈಯಲ್ಲಿ ನಕಲಿ ಪಾಸ್‌ಪೋರ್ಟ್. ಅದನ್ನು ಹಿಡಿದು ಅಮೆರಿಕದಲ್ಲಿ ಇಳಿಯುವಂತಿರಲಿಲ್ಲ. ತನ್ನ ಫೋಟೊ, ಯಾವುದೋ ಹೆಸರು ಇದ್ದ ಪುಟವನ್ನು ಹರಿದು, ಚೂರು ಚೂರೇ ಬಾಯಿಗೆ ಹಾಕಿಕೊಂಡು, ಬಿಯರ್ ಜೊತೆ ನುಂಗಿದ. ಇದು ಯಾರೋ ಕಟ್ಟಿದ ಕಥೆಯಲ್ಲ. 2017ರಲ್ಲಿ ಮಯಾಮಿಯ ನ್ಯಾಯಾಲಯದಲ್ಲಿ ಸಾಕ್ಷಿ ಹೇಳುತ್ತಾ ಆತನೇ ಬಿಚ್ಚಿಟ್ಟ ಮಾತು.

ಹಾಗೆ ಕಾಗದ ನುಂಗಿದವನು ಕೆಲಸ ಹುಡುಕಿ ಹೊರಟ ಅನಾಮಿಕನೇನಲ್ಲ. ಕ್ಯೂಬಾದ ದಕ್ಷಿಣ ಕರಾವಳಿಯ ಸಿಯೆನ್‌ಫ್ಯೂಗೋಸ್ ಪರವಾಗಿ 2010-11ರ ಋತುವಿನಲ್ಲಿ ಬರೀ 66 ಪಂದ್ಯಗಳಲ್ಲಿ 33 ಹೋಮ್ ರನ್ ಬಾರಿಸಿದ್ದವನು. ಹೋಮ್ ರನ್ ಅಂದರೆ ನಮ್ಮ ಸಿಕ್ಸರ್‌ನ ಅಣ್ಣ ಅಂದುಕೊಳ್ಳಿ. ಆ ವರ್ಷ ಆತನ ಸರಾಸರಿ .453. ಬೇಸ್‌ಬಾಲ್‌ನಲ್ಲಿ ಹತ್ತು ಸಲದಲ್ಲಿ ಮೂರು ಸಲ ಹಿಟ್ ಹೊಡೆದವನನ್ನೇ ತಲೆಮೇಲೆ ಹೊತ್ತು ಮೆರೆಸುತ್ತಾರೆ. ಈತ ಹೊಡೆದದ್ದು ನಾಲ್ಕೂವರೆ ಸಲ!

ಇಂಥವನು ಯಾಕೆ ಕಳ್ಳನ ಹಾಗೆ ದೋಣಿ ಹತ್ತಿ ಹೈಟಿ ಸೇರಬೇಕಾಯಿತು? ಕ್ಯೂಬಾ ತನ್ನ ಆಟಗಾರರನ್ನು ಅಮೆರಿಕಕ್ಕೆ ಆಡಲು ಬಿಡುತ್ತಿರಲಿಲ್ಲ. ಇತ್ತ ಅಮೆರಿಕದ ದಿಗ್ಬಂಧನ ಕಾನೂನಿನ ಪ್ರಕಾರ ಕ್ಯೂಬಾದಲ್ಲೇ ನೆಲೆಸಿದ ಆಟಗಾರನ ಜೊತೆ ಅಮೆರಿಕದ ತಂಡಗಳು ಒಪ್ಪಂದ ಮಾಡಿಕೊಳ್ಳುವಂತಿರಲಿಲ್ಲ. ಮೂರನೇ ದೇಶಕ್ಕೆ ಹೋಗಿ, ಅಲ್ಲಿಯ ನಿವಾಸಿ ಅಂತ ಕಾಗದಪತ್ರ ಮಾಡಿಸಿಕೊಂಡರಷ್ಟೇ ಯಾವ ತಂಡದ ಜೊತೆಗಾದರೂ ವ್ಯವಹಾರ ಕುದುರಿಸಬಹುದಿತ್ತು. ಎರಡು ಸರ್ಕಾರಗಳೂ ಮುಂಬಾಗಿಲಿಗೆ ಬೀಗ ಹಾಕಿದ ಮೇಲೆ ಹಿತ್ತಿಲ ಬಾಗಿಲಲ್ಲಿ ಕಳ್ಳಸಾಗಣೆಯವರು ಅಂಗಡಿ ತೆರೆದರು. ದೋಣಿ, ಸುಳ್ಳು ದಾಖಲೆ ಎಲ್ಲವೂ ಅವರದೇ. ಪ್ರತಿಯಾಗಿ ಆಟಗಾರನ ಮುಂದಿನ ಸಂಬಳದಲ್ಲಿ ದೊಡ್ಡ ಪಾಲು. ಇದನ್ನು ಅದೃಷ್ಟ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಷಿಕಾಗೋದ ವೈಟ್ ಸಾಕ್ಸ್ ತಂಡ ಸೇರಿದಾಗ ಆತ ಆರಿಸಿಕೊಂಡ ಅಂಗಿಯ ಸಂಖ್ಯೆ 79. ಬೇಸ್‌ಬಾಲ್‌ನಲ್ಲಿ ಸಾಮಾನ್ಯವಾಗಿ ಯಾರೂ ಇಷ್ಟಪಟ್ಟು ಕೇಳಿ ಹಾಕಿಕೊಳ್ಳದ ಸಂಖ್ಯೆ. ಜನ ಮರೆಯಬಾರದು ಅಂತ ಅಮ್ಮ ಸೂಚಿಸಿದ್ದಂತೆ. ಜನ ಮರೆಯಲಿಲ್ಲ. 2014ರ ಮೊದಲ ಋತುವಿನಲ್ಲೇ 36 ಹೋಮ್ ರನ್, ತನ್ನ ಹೊಡೆತಗಳಿಂದ ತಂಡಕ್ಕೆ 107 ರನ್. ವರ್ಷದ ಅತ್ಯುತ್ತಮ ಹೊಸಬ ಪ್ರಶಸ್ತಿಗೆ ಒಂದು ಮತವೂ ಆಚೀಚೆ ಆಗಲಿಲ್ಲ. ಮೊದಲ ನಾಲ್ಕು ಋತುಗಳಲ್ಲೂ ಬಿಡದೆ 25 ಅಥವಾ ಅದಕ್ಕೂ ಹೆಚ್ಚು ಹೋಮ್ ರನ್, ತಂಡಕ್ಕೆ ನೂರು ಅಥವಾ ಅದಕ್ಕೂ ಮೇಲೆ ರನ್. ಅವನಿಗಿಂತ ಮೊದಲು ಹಾಗೆ ಮಾಡಿದ್ದವರು ಜೋ ಡಿಮ್ಯಾಜಿಯೊ ಮತ್ತು ಆಲ್ಬರ್ಟ್ ಪೂಹೋಲ್ಸ್, ಇಬ್ಬರೇ. ಕೊರೋನಾದಿಂದ ಮೊಟಕಾದ 2020ರಲ್ಲಿ, ಅಮೆರಿಕದ ಉನ್ನತ ಕೂಟವಾದ ಮೇಜರ್ ಲೀಗಿನ ಎರಡು ವಿಭಾಗಗಳಲ್ಲಿ ಒಂದಾದ ಅಮೆರಿಕನ್ ಲೀಗಿನ ಅತ್ಯಮೂಲ್ಯ ಆಟಗಾರನೂ ಆದ.

2018ರ ಡಿಸೆಂಬರಿನಲ್ಲಿ ಒಂದು ಬೆಳಕು ಕಂಡಿತ್ತು. ಕ್ಯೂಬಾದ ಬೇಸ್‌ಬಾಲ್ ಒಕ್ಕೂಟ ಮತ್ತು ಮೇಜರ್ ಲೀಗ್ ಕೈಜೋಡಿಸಿ, ಆಟಗಾರರು ದೇಶ ತೊರೆಯದೆಯೇ ಹೋಗಿಬರುವ ಒಪ್ಪಂದ ಮಾಡಿಕೊಂಡವು. ಇನ್ನು ದೋಣಿ ಬೇಡ, ನಕಲಿ ಪಾಸ್‌ಪೋರ್ಟ್ ಬೇಡ. ನಾಲ್ಕೇ ತಿಂಗಳು. 2019ರ ಏಪ್ರಿಲಿನಲ್ಲಿ ಟ್ರಂಪ್ ಸರ್ಕಾರ ಅದನ್ನು ರದ್ದು ಮಾಡಿತು. ಒಕ್ಕೂಟ ಕ್ಯೂಬಾ ಸರ್ಕಾರದ್ದೇ ಅಂಗ, ಹಣ ಅವರಿಗೇ ಸೇರುತ್ತದೆ ಎಂಬ ವಾದ. ಆ ವಾದದಲ್ಲಿ ಹುರುಳಿಲ್ಲ ಅಂತಲ್ಲ. ಆದರೆ ಬಾಗಿಲು ಮುಚ್ಚಿದಾಗ ಹುಡುಗರು ಚೆಂಡು ಹೊಡೆಯುವುದನ್ನು ಬಿಟ್ಟು ಮನೆಯಲ್ಲಿ ಕೂರಲಿಲ್ಲ, ಮತ್ತೆ ಸಮುದ್ರದ ಕಡೆ ನೋಡಿದರು. ಅಬ್ರೇಯು ಸಾಕ್ಷಿ ಹೇಳಿ ಎರಡೇ ವರ್ಷವಾಗಿತ್ತು. ಅಷ್ಟು ಕೇಳಿಯೂ ಹೀಗೆ ಮಾಡಿದರಲ್ಲ ಅನ್ನುವುದೇ ನನ್ನ ಸಂಕಟ.

2013ರಲ್ಲಿ ದೋಣಿ ಹತ್ತುವಾಗ ಆತ ಪುಟ್ಟ ಮಗನನ್ನು ಕ್ಯೂಬಾದಲ್ಲೇ ಬಿಟ್ಟಿದ್ದ. ಮತ್ತೆ ಕಂಡದ್ದು 2015ರ ಡಿಸೆಂಬರಿನಲ್ಲಿ, ಮೇಜರ್ ಲೀಗಿನ ಸೌಹಾರ್ದ ತಂಡದ ಜೊತೆ ಹವಾನಾಕ್ಕೆ ಹೋದಾಗ. ಅಷ್ಟರಲ್ಲಿ ಹುಡುಗನಿಗೆ ಐದು ವರ್ಷ. ಅಪ್ಪ ಮಗನನ್ನು ಬಾಚಿ ತಬ್ಬಿಕೊಂಡ. ನಡುವಿನ ಆ ಎರಡು ಋತುಗಳಲ್ಲಿ ಅಬ್ರೇಯು ಹೊಡೆದ ಹೋಮ್ ರನ್ 66. ಒಂದು ಸಲವೂ ಆ ಹುಡುಗ ಗ್ಯಾಲರಿಯಲ್ಲಿರಲಿಲ್ಲ.