ಕಾಫಿ ಬೀಜ ಎಷ್ಟು ಅಂತ ಕೇಳಿದ್ರು

ಹಿಸ್ಟರಿ ಕ್ವಿಜ್ ಅಂದ್ರೆ ಜನ ಮೆಲ್ಲಗೆ ಜಾಗ ಖಾಲಿ ಮಾಡ್ತಾರೆ, ಸೈನ್ಸ್ ಅಂದ್ರೆ ಅವತ್ತೇ ಯಾರದೋ ಮದುವೆ ಇರತ್ತೆ. ಅದೇ ಊಟ ತಿಂಡಿ ಮೇಲೆ ಕ್ವಿಜ್ ಅಂದ್ ನೋಡಿ, ದಿನಾ ಮೂರು ಹೊತ್ತು ಪ್ರಾಕ್ಟೀಸ್ ಮಾಡ್ತಿರೋ ಸಬ್ಜೆಕ್ಟು, ಇಡೀ ಅಪಾರ್ಟ್‌ಮೆಂಟು ನಾ ಮುಂದು ತಾ ಮುಂದು ಅಂತ ಬಂದ್ಬಿಡತ್ತೆ. ಬೆಂಗಳೂರಿಗೆ ಕ್ವಿಜ್ ಹುಚ್ಚೇನೂ ಹೊಸದಲ್ಲ, ಕರ್ನಾಟಕ ಕ್ವಿಜ್ ಅಸೋಸಿಯೇಷನ್ 1983ರಿಂದ ಇದೆ, ಅಲ್ಲಿ ಬರೋರು ಸೀರಿಯಸ್ ಜನ. ನಾವು ಬೇರೆ ಜಾತಿ, ಕೊನೇಲಿ ಬಿಸಿಬೇಳೆಬಾತ್ ಇದೆ ಅಂತ ನೋಟಿಸ್‌ನಲ್ಲಿ ಹಾಕಿದ್ದಕ್ಕೆ ಬಂದೋರು.

ರಾಜ್ಯೋತ್ಸವದ ವಾರ, ಕ್ಲಬ್‌ಹೌಸಲ್ಲಿ ಪ್ರೋಗ್ರಾಮು, ಥೀಮ್ "ಕರ್ನಾಟಕದ ಊಟ ತಿಂಡಿ". ಟೀಮಿಗೆ ನಾಲ್ಕು ಜನ, ಚೀಟೀಲಿ ಆನ್ಸರ್ ಬರೆದು ಕೊಡಬೇಕು. ಎದುರು ಟೇಬಲ್ಲಲ್ಲಿ ನನ್ನ ಗೆಳೆಯ, ಧಾರವಾಡದವನು, ಕಾಲೇಜಿಂದ ಜೊತೇಲಿರೋನು. ನಾನು ಮದ್ದೂರು ಕಡೆಯವನು. ಇಬ್ಬರೂ ಒಂದೇ ಬಿಲ್ಡಿಂಗಲ್ಲಿದೀವಿ, ಒಂದೇ ಕ್ಯಾಬಲ್ಲಿ ಆಫೀಸಿಗೆ ಹೋಗ್ತೀವಿ, ಆದ್ರೆ ಪೇಡಾ ದೊಡ್ಡದೋ ವಡೆ ದೊಡ್ಡದೋ ಅನ್ನೋದು ಇವತ್ತಿಗೂ ತೀರ್ಮಾನ ಆಗಿಲ್ಲ.

ಯಾರೂ ಗೂಗಲ್ ಮಾಡಬಾರದು ಅಂತ ಎಲ್ಲರ ಫೋನೂ ಇಸ್ಕೊಂಡು ಅಡುಗೆಯವರ ಒಂದು ದೊಡ್ಡ ಸ್ಟೀಲ್ ಡಬರಿಗೆ ಹಾಕಿ ತಟ್ಟೆ ಮುಚ್ಚಿದ್ರು. ಐಡಿಯಾ ಏನೋ ಚೆನ್ನಾಗಿತ್ತು. ಆದ್ರೆ ಒಳಗೆ ಯಾರದೋ ಫೋನು ವೈಬ್ರೇಟ್ ಆದಾಗೆಲ್ಲ ಡಬರಿ ಗುರ್ರ್ ಅಂತ ನಡುಗೋದು, ಮೇಲಿದ್ದ ತಟ್ಟೆ ಟಿಣಿಟಿಣಿ ಕುಣಿಯೋದು, ಪ್ರಶ್ನೆ ಕೇಳ್ತಿದ್ದ ಹುಡುಗಿ ಮೈಕ್ ಹಿಡ್ಕೊಂಡು ಅದು ನಿಲ್ಲೋವರೆಗೂ ಕಾಯೋಳು, ಅಷ್ಟರಲ್ಲಿ ನಾಲ್ಕು ಜನ ಎದ್ದು ನಂದಾ ನಂದಾ ಅಂತ ಡಬರಿ ಕಡೆ ಓಡೋರು.

ನಮ್ಮ ಟೀಮಲ್ಲಿ ನಾನು, ನನ್ನ ಹೆಂಡ್ತಿ, ಅವಳ ತಮ್ಮ, ಮತ್ತೆ ಮೂರನೇ ಫ್ಲೋರಿನ ಅಂಕಲ್ಲು. ರಿಟೈರ್ಡ್, ಕರ್ನಾಟಕದ ಮೂಲೆ ಮೂಲೆಗೂ ಟ್ರಾನ್ಸ್‌ಫರ್ ಆಗಿ ಎಲ್ಲ ಊರಿನ ಹೋಟೆಲ್ಲಲ್ಲೂ ತಿಂದಿರೋರು. ಇಂಥೋರು ಸಿಕ್ಕಿದ್ರಲ್ಲ ಅಂತ ನಾನು ಒಳಗೊಳಗೇ ಕುಣೀತಿದ್ದೆ. ಆದ್ರೆ ಅವರಿಗೆ ಕಿವಿ ಸ್ವಲ್ಪ ಮಂದ, ಹಾಗಾಗಿ ಅವರ ಪಿಸುಮಾತು ಅಂದ್ರೆ ನಮ್ಮ ನಿಮ್ಮ ಜಗಳದ ವಾಲ್ಯೂಮು.

ಮೊದಲ್ನೇ ಪ್ರಶ್ನೆ, ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದೇ ಹೋದಾಗ ಎಂಟಿಆರ್‌ನೋರು ಏನು ಕಂಡುಹಿಡಿದ್ರು? ಅಂಕಲ್ಲು ನನ್ನ ಕಿವಿ ಹತ್ರ ಬಗ್ಗಿ "ರವೆ ಇಡ್ಲಿ ಬರೀರಿ!" ಅಂದ್ರು. ಹೊರಗೆ ಗೇಟಲ್ಲಿದ್ದ ಸೆಕ್ಯೂರಿಟಿನೂ ಬರ್ಕೊಂಡಿರಬೇಕು. ಎದುರು ಟೇಬಲ್ಲಲ್ಲಿ ನನ್ನ ಗೆಳೆಯ ತಲೆ ಎತ್ತಲಿಲ್ಲ, ಪೆನ್ನು ಮಾತ್ರ ಓಡ್ತು. 2011ರಲ್ಲಿ ಜಿಐ ಟ್ಯಾಗ್ ಸಿಕ್ಕಿದ, ಖಾರಕ್ಕಿಂತ ಬಣ್ಣಕ್ಕೇ ಫೇಮಸ್ಸಾಗಿರೋ ಹಾವೇರಿ ಜಿಲ್ಲೆ ಮೆಣಸಿನಕಾಯಿ ಯಾವುದು? "ಬ್ಯಾಡಗಿ!" ಉಡುಪಿ ಕಡೆ ಗುಂಡಗಿರೋ ಹಸಿರು ಬದನೆಕಾಯಿ? "ಮಟ್ಟುಗುಳ್ಳ ಕಣ್ರೀ, ಸಾಂಬಾರಿಗೆ ಏನ್ ಸಖತ್ತಾಗಿರತ್ತೆ!" ಆನ್ಸರ್ ಜೊತೆ ರೆಸಿಪಿನೂ ಫ್ರೀ.

ಮೆಣಸಿನಕಾಯಿನ ಇಂಡಿಯಾಕ್ಕೆ ತಂದೋರು ಯಾರು ಅಂದಾಗ ಮಾತ್ರ ಗಲಾಟೆ ಆಯ್ತು. ನನ್ನ ಹೆಂಡ್ತಿ ಪೋರ್ಚುಗೀಸರು ಅಂದ್ಳು, ಅದೇ ಕರೆಕ್ಟು, ಗಿಡ ಮೂಲತಃ ಅಮೆರಿಕಾದ್ದು. ಅಂಕಲ್ಲು ಒಪ್ಪಲೇ ಇಲ್ಲ. "ನಮ್ಮಜ್ಜಿ ಪೋರ್ಚುಗೀಸರ ಮುಖಾನೇ ನೋಡಿರಲಿಲ್ಲಮ್ಮ, ಆದ್ರೂ ಖಾರದ ಪುಡಿ ಕುಟ್ತಿದ್ರು" ಅಂತ ವಾದ. ಅಜ್ಜಿನ ಸೈಡಿಗಿಟ್ಟು ಪೋರ್ಚುಗೀಸರನ್ನ ಒಪ್ಪಿಸೋ ಹೊತ್ತಿಗೆ ಟೈಮ್ ಮುಗೀತು.

ಆಮೇಲೆ ಧಾರವಾಡ ಪೇಡಾ ಬಂತು, ಅದನ್ನ ಶುರು ಮಾಡಿದ ಠಾಕೂರ್ ಮನೆತನದ ಮೂಲ ಊರು ಯಾವುದು ಅಂತ. ಗೆಳೆಯ ಕಾಲರ್ ಸರಿ ಮಾಡ್ಕೊಂಡು ಉತ್ತರ ಪ್ರದೇಶದ ಉನ್ನಾವ್ ಅಂತ ಬರೆದು ಕರೆಕ್ಟ್ ಮಾಡ್ದ. ಪಾಯಿಂಟ್ ಹೋದ್ರೆ ಹೋಗ್ಲಿ ಅಂತ ನಾನು ಇಲ್ಲಿಂದಲೇ, "ಅಲ್ಲಾ ಗುರು, ಇಷ್ಟು ವರ್ಷ ನಮ್ಮ ಪೇಡಾ ನಮ್ಮ ಪೇಡಾ ಅಂತಿದ್ಯಲ್ಲ, ಯುಪಿದಂತಲ್ಲೋ" ಅಂದೆ. ಅವನು ಬಿಡ್ತಾನಾ? "ನಿಮ್ಮ ವಡಿ ಕಥಿ ಗೊತ್ತದಲೇ, ಸ್ಟೇಷನ್ನಿಗೆ ಟ್ರೇನ್ ಲಗೂನ ಬಂತಂತ ಅವಸರದಾಗ ಹಿಟ್ಟು ತಟ್ಟಿ ಕರದಿದ್ದು, ಅದೂ ಒಂದು ತಿಂಡಿ ಏನು!" ಮದ್ದೂರು ರೈಲ್ವೆ ಸ್ಟೇಷನ್ ಕಥೆ ಹಾಗೇ ಹೇಳ್ತಾರೆ ನಿಜ, ಆದ್ರೆ ಟ್ರೇನು ಟೈಮಿಗೆ ಮುಂಚೆ ಬಂದಿತ್ತು ಅನ್ನೋದೇ ನಮ್ಮೂರಿನ ಹೆಮ್ಮೆ ಅಲ್ವಾ, ಇವನಿಗೆ ಅದೆಲ್ಲಿ ಅರ್ಥ ಆಗ್ಬೇಕು.

ಕೊನೇ ಪ್ರಶ್ನೆ ಬರೋ ಹೊತ್ತಿಗೆ ನಾವೂ ಅವರೂ ಸಮ. ಕಾಪಿ ಹೊಡೆದೇ ಸಮ ಆಗಿರೋದು ಅಂತ ನನಗೆ ಹೊಟ್ಟೆ ಉರಿ. ಪ್ರಶ್ನೆ ಬಂತು: 17ನೇ ಶತಮಾನದಲ್ಲಿ ಬಾಬಾ ಬುಡನ್ ಯೆಮೆನ್‌ನಿಂದ ಕದ್ದುಮುಚ್ಚಿ ತಂದು ಚಂದ್ರಗಿರಿ ಬೆಟ್ಟದಲ್ಲಿ ನೆಟ್ರು ಅನ್ನೋ ಕಥೇಲಿ ಕಾಫಿ ಬೀಜ ಎಷ್ಟು? ಏಳು. ಚಿಕ್ಕಮಗಳೂರಿಗೆ ಟ್ರಿಪ್ ಹೋದೋರೆಲ್ಲ ಗೈಡ್ ಬಾಯಲ್ಲಿ ಕೇಳಿರ್ತಾರೆ. ನನಗೆ ತಕ್ಷಣ ಬುದ್ಧಿ ಓಡ್ತು, ಚೀಟಿ ಮೂಲೇಲಿ ಅಂಕಲ್ಲಿಗೆ "ಏಳು ಬರೀರಿ, ಬಾಯಲ್ಲಿ ಹನ್ನೆರಡು ಅನ್ನಿ" ಅಂತ ಬರೆದು ಚೀಟಿ ಪೆನ್ನು ಎರಡೂ ಅವರ ಕೈಗೇ ಕೊಟ್ಟೆ. ಅಂಕಲ್ಲು ಕನ್ನಡಕ ಏರಿಸ್ಕೊಂಡು ಓದಿ, ತಲೆ ಆಡಿಸಿ, ಗಂಭೀರವಾಗಿ "ಹನ್ನೆರಡು!" ಅಂದ್ರು. ಎದುರು ಟೇಬಲ್ಲಲ್ಲಿ ಪೆನ್ನು ಓಡ್ತು. ನನ್ನ ಹೆಂಡ್ತಿ ಟೇಬಲ್ ಕೆಳಗೆ ನನ್ನ ಕೈ ಕುಲುಕಿದ್ಳು.

ರಿಸಲ್ಟ್ ಓದಿದ್ರು. ಎದುರು ಟೀಮು ಹನ್ನೆರಡು, ತಪ್ಪು. ನಮ್ಮ ಟೀಮು ಹನ್ನೆರಡು, ತಪ್ಪು.

ಅಂಕಲ್ ಮುಖ ನೋಡ್ದೆ. "ಬಾಯಲ್ಲೊಂದು ಪೇಪರಲ್ಲೊಂದು ನಂಗಾಗಲ್ಲಪ್ಪ, ಮೂವತ್ತೈದು ವರ್ಷ ಆಡಿಟ್‌ನಲ್ಲಿದ್ದೋನು ನಾನು" ಅಂದ್ರು. ಇದಕ್ಕೆ ಏನ್ ಹೇಳ್ತೀರಾ? ಏಳು ಅಂತ ಬರೆದಿದ್ದು ಹಿಂದಿನ ಟೇಬಲ್ಲಲ್ಲಿ ಸದ್ದಿಲ್ಲದೇ ಕೂತಿದ್ದ ಹೈಸ್ಕೂಲ್ ಹುಡುಗೀರ ಟೀಮು. ಅವರೂ ಸಮಕ್ಕೇ ಬಂದು ನಿಂತಿದ್ರಂತೆ, ನಮ್ಮಿಬ್ಬರ ಜಗಳದಲ್ಲಿ ಯಾರೂ ಗಮನಿಸಿರಲೇ ಇಲ್ಲ. ಪ್ರೈಜು ಮೈಸೂರು ಪಾಕ್ ಡಬ್ಬಿ. ಒಂದೊಂದು ಪೀಸಾದ್ರೂ ಕೊಡ್ತಾರೇನೋ ಅಂತ ಹತ್ರ ಹೋಗಿ ನಿಂತ್ವಿ, "ನಿಮಗೆ ಶುಗರ್ ಇಲ್ವಾ ಅಂಕಲ್" ಅಂತ ಕೇಳಿ ಮುಚ್ಚಳ ಹಾಕಿದ್ರು. ನಂಗೇ ಅಂಕಲ್ ಅಂದಿದ್ದು, ಮೂರನೇ ಫ್ಲೋರಿನೋರಿಗಲ್ಲ.

ಬಿಸಿಬೇಳೆಬಾತ್ ಕ್ಯೂನಲ್ಲಿ ಗೆಳೆಯ ನನ್ನ ಹಿಂದೇನೇ ನಿಂತಿದ್ದ. "ಇಡೀ ಸಂಜಿ ಕಾಕಾ ಕರೆಕ್ಟ್ ಹೇಳ್ಕೋತ ಬಂದಾರ, ಹನ್ನೆರಡು ಸುಳ್ಳು ಅಂತ ನಾ ಹೆಂಗ ತಿಳ್ಕೋಬೇಕಲೇ? ನನಗ ಏಳು ಗೊತ್ತಿತ್ತು, ಬರದಿದ್ದು ಹೊಡದ್ಹಾಕಿ ಹನ್ನೆರಡು ಮಾಡಿದೆ" ಅಂತ ಗೋಳಾಡ್ದ. ಆಮೇಲೆ ಸ್ವಲ್ಪ ಹತ್ರ ಬಂದು, ಸಂಕ್ರಾಂತಿಗೆ ಸಿನಿಮಾ ಥೀಮ್ ಅಂತ, ಕಾಕಾನ್ನ ನಮ್ಮ ಟೀಮಿಗೆ ಬಿಟ್ಟುಕೊಡು ಅಂದ. ನಾನು ಒಂದೇ ಮಾತಿಗೆ ಒಪ್ಕೊಂಡೆ, ಅವರ ಎದುರಿನ ಟೇಬಲ್ ನಮಗೇ ಅಂತ ಸೆಕ್ರೆಟರಿ ಹತ್ರ ಆಗಲೇ ಹೇಳಿಟ್ಟಿದೀನಿ.